ಬಿಗಿ ಬೇರೆ, ಹಿಡಿತ ಬೇರೆ

ವರ್ಕ್‌ಶಾಪಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಯಜಮಾನರಿಂದ ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ಟಿಕ್ಕಕ್ಕ. ಸಣ್ಣ ವಿಮಾನಗಳ ಎಂಜಿನ್ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವ ಜಾಗ ಅದು. ತಗಡಿನ ಮಾಡು, ಎತ್ತರದ ಕಿಟಕಿಗಳು, ಎಷ್ಟು ಗುಡಿಸಿದರೂ ಬಿಟ್ಟುಹೋಗದ ಸೀಮೆಎಣ್ಣೆಯ ವಾಸನೆ. ಅಲ್ಲಿ ಎಂಜಿನ್ ಕಟ್ಟಿ ಕೊನೆಯ ಬೋಲ್ಟಿನವರೆಗೆ ಬಿಗಿಯುವ ಕೆಲಸ ಅವಳದು.

ಬಿಗಿಯುವುದೆಂದರೆ ಸ್ಪ್ಯಾನರ್ ಹಾಕಿ ಹಲ್ಲು ಕಚ್ಚಿ ತಿರುಗಿಸುವುದಲ್ಲ. ಪ್ರತಿ ಬೋಲ್ಟಿಗೂ ಇಷ್ಟೇ ಬಿಗಿ ಎಂಬ ಅಳತೆಯಿದೆ. ಅದಕ್ಕೆಂದೇ ಟಾರ್ಕ್ ರೆಂಚ್ ಎಂಬ ಉದ್ದ ಹಿಡಿಯ ಉಪಕರಣವಿದೆ. ಬೇಕಾದ ಅಳತೆಯನ್ನು ಹಿಡಿಯಲ್ಲಿ ಹೊಂದಿಸಿಕೊಂಡು ಎಳೆದರೆ, ಅಷ್ಟು ಬಿಗಿ ಬಂದ ಕ್ಷಣಕ್ಕೆ ಅದು ಒಳಗಿನಿಂದ 'ಟಿಕ್' ಎನ್ನುತ್ತದೆ. ಟಿಕ್ ಎಂದರೆ ಸಾಕು. ಕೈ ತೆಗೆ.

ಕೈ ತೆಗೆಯುವುದೇ ಜನಕ್ಕೆ ಕಷ್ಟ. 'ಇರಲಿ ಇನ್ನೊಂದು ಎಳೆತ, ಗಟ್ಟಿಯಾಗಿರುತ್ತೆ' ಎನ್ನುವ ಚಟ ತೋಳಿನಲ್ಲಿ ದಮ್ಮಿದ್ದವರಿಗೆಲ್ಲ ಇರುತ್ತದೆ. ಅವರಿಗೆ ಬೋಲ್ಟು ಎಂದರೆ ಸೋಲಿಸಬೇಕಾದ ಎದುರಾಳಿ. ಈ ಲೋಕದಲ್ಲಿ ಎಳೆಯುವ ತೋಳಿಗೆ ಬರವಿಲ್ಲ. ಸಾಕು ಎಂದಲ್ಲಿ ನಿಲ್ಲುವ ಕೈಗೆ ಬರ. ಹೆಚ್ಚು ಎಳೆದವನಿಗೆ ಶಾಭಾಸ್ ಎನ್ನುತ್ತಾರೆ. ನಿಲ್ಲಿಸಿದವಳಿಗೆ 'ಹೆಂಗಸು, ಕೈಯಲ್ಲಿ ಬಲವಿಲ್ಲ' ಎನ್ನುತ್ತಾರೆ.

ಅವಳಿಗೂ ಹಾಗೇ ಅಂದಿದ್ದರು. ಅವಳಪ್ಪ ಹೊಲಿಗೆ ಯಂತ್ರಗಳ ರಿಪೇರಿಯವನು. ಮಗಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟ, ವಿದ್ಯೆಯನ್ನೂ ಕೊಟ್ಟ. ಅಂಗಡಿಯನ್ನು ಮಾತ್ರ ಮಗನಿಗೆ ಕೊಟ್ಟ. ಆ ಮಗ ಅದನ್ನು ಮಾರಿ ಕೈತೊಳೆದುಕೊಂಡ, ಅದು ಬೇರೆ ಮಾತು. ಮಗಳು ಈ ವರ್ಕ್‌ಶಾಪಿಗೆ ಬಂದದ್ದು ಬಿಡಿಭಾಗ ತೊಳೆಯುವವಳಾಗಿ. ಮೊಣಕೈವರೆಗೆ ಸೀಮೆಎಣ್ಣೆ, ಉಗುರಿನ ಸಂದಿಯಲ್ಲಿ ಮಸಿ, ಊಟದ ತುತ್ತಿನಲ್ಲೂ ಅದೇ ವಾಸನೆ.

ಒಂದು ದಿನ ಭೀಮನಂಥ ಫಿಟ್ಟರ್ ಒಬ್ಬ, ಟಿಕ್ ಎಂದ ಮೇಲೂ 'ಇರಲಿ' ಎಂದು ಇನ್ನೊಂದು ಎಳೆದ. ಬೋಲ್ಟು ಫಟ್ಟನೆ ಮುರಿದು ಎಂಜಿನ್ನಿನ ಮೈಯೊಳಗೇ ಉಳಿದುಹೋಯಿತು. ಆಗಿದ್ದ ಮುದಿ ಮೇಸ್ತ್ರಿ ಏನೂ ಬೈಯಲಿಲ್ಲ. ಅವನ ಕೈಯಿಂದ ರೆಂಚ್ ಕಿತ್ತುಕೊಂಡು, ಮೂಲೆಯಲ್ಲಿ ಪಿಸ್ಟನ್ ಉಜ್ಜುತ್ತಿದ್ದ ಇವಳ ಕಡೆ ತಿರುಗಿದರು.

"ಏ ಹುಡುಗಿ, ಬಾ ಇಲ್ಲಿ."

"ನನಗಾ? ನನ್ ಕೈಲಿ ಅಷ್ಟು ಬಲ ಇಲ್ಲ ಮೇಸ್ತ್ರಿ."

"ಬಲ ಹಿಡಿಯಲ್ಲಿದೆ. ನಿನಗೆ ಕಿವಿ ಇದೆ ತಾನೆ?"

"ಇದೆ."

"ಹೇಳಿದ ಮಾತು ಕೇಳೋ ಅಭ್ಯಾಸ?"

"ಅದು... ಅಷ್ಟಿಲ್ಲ."

ಮುದುಕ ನಕ್ಕುಬಿಟ್ಟರು. "ನಮ್ ಮಾತು ಕೇಳಬೇಡ. ಇದರ ಮಾತು ಕೇಳು, ಸಾಕು."

ಅಂದಿನಿಂದ ಅವಳು ಕೇಳತೊಡಗಿದಳು. ಬೋಲ್ಟು ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಆ ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸುವುದೇ ಹಿಡಿತ ಎಂದು ಮೇಸ್ತ್ರಿ ರಬ್ಬರ್ ಬ್ಯಾಂಡ್ ಎಳೆದು ತೋರಿಸಿದರು. "ಕಡಿಮೆ ಎಳೆದ್ರೆ ಅಲುಗಾಡಿ ಮುರಿಯುತ್ತೆ. ಹೆಚ್ಚು ಎಳೆದ್ರೆ ಸತ್ವ ಹೋಗಿ ಮುರಿಯುತ್ತೆ. ರಸ್ತೆ ಮೇಲೆ ಮುರಿದ್ರೆ ಗಾಡಿ ಪಕ್ಕಕ್ಕೆ ಹಾಕ್ಬಹುದು ಮಗಳೇ. ಮೇಲೆ ಪಕ್ಕ ಅನ್ನೋದಿಲ್ಲ."

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುತ್ತಿದ್ದರು. "ರೆಂಚ್ ಸುಳ್ಳು ಹೇಳಲ್ಲ. ಆದ್ರೆ ನೀನು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೆ. ಬಿಗಿ ಎಷ್ಟು ಅಂತ ಕೇಳಿದ್ರೆ ಬಿಗಿ ಹೇಳುತ್ತೆ. ಹಿಡಿತ ಇದೆಯಾ ಅಂತ ನೀನು ಕೇಳೇ ಇಲ್ವಲ್ಲ." ಅವಳಿಗೆ ಅದು ವಯಸ್ಸಾದವರ ಒಗಟಿನಂತೆ ಕಂಡಿತ್ತು. ಬಿಗಿ ಅಂದರೂ ಹಿಡಿತ ಅಂದರೂ ಒಂದೇ ಅಲ್ಲವೇ? ಮೇಸ್ತ್ರಿ ತೀರಿಕೊಂಡರು, ಒಗಟು ಉಳಿಯಿತು, ಅವಳದನ್ನು ಮರೆತಳು.

ಮರೆಯಲು ಕಾರಣವೂ ಇತ್ತು. ಅವಳು ಕಟ್ಟಿದ ಯಾವ ಎಂಜಿನ್ನೂ ದೂರು ಹೊತ್ತು ಮರಳಿ ಬರಲಿಲ್ಲ. 'ಟಿಕ್ಕಕ್ಕನ ಕೈಯಿಂದ ಹೋದ ಎಂಜಿನ್ ಹಿಂದೆ ಬಂದಿಲ್ಲ' ಎಂಬುದು ವರ್ಕ್‌ಶಾಪಿನ ಗಾದೆಯಾಯಿತು. ಗಿರಾಕಿಗಳಿಗೆ ಯಜಮಾನರು ಅದನ್ನು ಚಹಾದ ಜೊತೆ ಬಡಿಸುತ್ತಿದ್ದರು. ಅವಳೇನು ಕಡಿಮೆಯೇ? ತರಕಾರಿ ಅಂಗಡಿಯಲ್ಲಿ, ನಾದಿನಿಯ ಮನೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತೆಗೂ ಆ ಗಾದೆ ಹೇಳದೆ ಇಳಿದವಳಲ್ಲ. ವಿನಯ ಅವಳ ಮೈಗೆ ಒಗ್ಗದ ಬಟ್ಟೆ. ಒಗ್ಗಬೇಕಾಗಿಯೂ ಇಲ್ಲ. ಗೆದ್ದ ಗಂಡಸಿನ ಜಂಬವನ್ನು ಗತ್ತು ಎನ್ನುವ ಜನ, ಹೆಂಗಸಿನ ಗತ್ತನ್ನು ಜಂಬ ಎನ್ನುತ್ತಾರೆ. ಅನ್ನಲಿ, ಬಾಯಿ ಅವರದು.

ಗಂಡನ ಕಥೆ ಬೇರೆ. ಅವನು ಬೋರ್ಡು ಬರೆಯುವವನು. ಅಂಗಡಿಗಳ ಹೆಸರನ್ನು ದುಂಡಗೆ, ನೆರಳು ಕೊಟ್ಟು ಬರೆದರೆ ದಾರಿಹೋಕರು ನಿಂತು ನೋಡುತ್ತಿದ್ದರು. ಫ್ಲೆಕ್ಸ್ ಬಂದಿತು, ಬ್ರಷ್ಷು ಒಣಗಿತು. ಯಾರದೋ ನಗುಮುಖದ ಫೋಟೋ ಹೊತ್ತ ಪ್ಲಾಸ್ಟಿಕ್ ಹಾಳೆಗಳು ಗಾಳಿಗೆ ಹರಿದು ತಂತಿಗೆ ನೇತಾಡುವ ಬೀದಿಯಲ್ಲಿ, ಅಕ್ಷರ ತಿದ್ದಬಲ್ಲವನು ಮನೆಯಲ್ಲಿ ಕೂತು ಬಕೆಟ್ಟಿನ ಹಿಡಿಗೆ ಬಣ್ಣ ಹಚ್ಚುತ್ತಿದ್ದ. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಮೊದಲು ಮೌನಿಯಾಗುತ್ತಾನೆ, ಆಮೇಲೆ ಸಿಡುಕ. ಇವನು ಎರಡೂ ಆಗಿ ಮುಗಿಸಿದ್ದ.

ಅಷ್ಟರಲ್ಲಿ ವರ್ಕ್‌ಶಾಪಿನ ಪೇಂಟರ್ ಕೆಲಸ ಬಿಟ್ಟ. ಅವನೊಬ್ಬ ಮಹಾ ಮೈಗಳ್ಳ. ಎಂಜಿನ್ ಜೋಡಿಸುವ ಮುನ್ನ ಸಿಲಿಂಡರಿಗೆ ಬಣ್ಣ ಹೊಡೆಯಬೇಕು. ಅವನು ಮೇಲೆ ಮೇಲೆ ಎರಡು ಸಲ ಬ್ರಷ್ ಆಡಿಸಿ ಬೀಡಿ ಸೇದಲು ಹೋಗುತ್ತಿದ್ದ. ಯಜಮಾನರಿಗೆ ಅದೇ ಕೊರಗು. "ಒಳಗೆ ಟಿಕ್ಕಕ್ಕನ ಕೆಲಸ ಚಿನ್ನ, ಹೊರಗೆ ನೋಡಿದ್ರೆ ತುಕ್ಕು ಡಬ್ಬ. ಕಣ್ಣಿಗೆ ಹೊಡೀಬೇಕು ಕಣಮ್ಮ, ಎಂಜಿನ್ ಮುಚ್ಚಳ ತೆಗೆದ್ರೆ ಕಣ್ಣಿಗೆ ಹೊಡೀಬೇಕು!" ಅವಳು ಅದೇ ಹೊತ್ತು ನೋಡಿ ಗಂಡನ ಹೆಸರು ಹೇಳಿದಳು.

ಅವನು ಮೊದಲ ಎಂಜಿನ್ನಿಗೆ ಬಳಿದ ಬಣ್ಣ ಹೇಗಿತ್ತೆಂದರೆ, ಅದರಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ದಟ್ಟ ನೀಲಿ, ಎಲ್ಲೂ ಇಳಿಯದ, ಗುಳ್ಳೆಯೇಳದ ಎನಾಮಲ್. ಸಿಲಿಂಡರಿನ ನೆತ್ತಿಯಿಂದ ಬುಡದವರೆಗೆ ಒಂದು ಸಂದಿಯನ್ನೂ ಬಿಡಲಿಲ್ಲ. ಅವಳು ಆ ಹೊಳೆಯುವ ಸಿಲಿಂಡರುಗಳನ್ನು ಎಂಜಿನ್ನಿನ ಮೈಗೆ ಕೂರಿಸಿ, ಬುಡದ ನಟ್ಟುಗಳನ್ನು ಒಂದೊಂದಾಗಿ ಅಳತೆಗೆ ಬಿಗಿದಳು. ಟಿಕ್, ಟಿಕ್, ಟಿಕ್. ಎಂಜಿನ್ ಸ್ಟ್ಯಾಂಡಿನ ಮೇಲೆ ಗುಡುಗಿ ಪರೀಕ್ಷೆಯಲ್ಲಿ ಪಾಸಾಯಿತು. ಹಾರುವುದನ್ನು ಕಲಿಸುವ ಶಾಲೆಯ ವಿಮಾನಕ್ಕೆ ಅದನ್ನು ಕೂರಿಸಿದ್ದೂ ಆಯಿತು. ಗಂಡ ಮನೆಗೆ ಬಂದು, ಎಷ್ಟೋ ಕಾಲದ ನಂತರ, ಸ್ನಾನ ಮಾಡುತ್ತಾ ಹಾಡಿಕೊಂಡ. ಡಬ್ಬದಲ್ಲಿ ಮಿಕ್ಕ ಬಣ್ಣ ತಂದು ಅಡುಗೆಮನೆಯ ಕಬ್ಬಿಣದ ಶೆಲ್ಫಿಗೂ ಹಚ್ಚಿ, ತಾನೇ ನಟ್ಟು ಬೋಲ್ಟು ಬಿಗಿದು ಒಲೆಯ ಪಕ್ಕ ನಿಲ್ಲಿಸಿದ.

ಆ ಶೆಲ್ಫು ಅವಳ ಜಂಬಕ್ಕೆ ಕೊಡಲಿ ಹಾಕಿತು.

ವಿಮಾನ ಆ ಎಂಜಿನ್ನಿನೊಡನೆ ಮೊದಲ ಸಲ ಏರಬೇಕಿದ್ದ ಬೆಳಿಗ್ಗೆ. ಅತ್ತೆ ಹಿಟ್ಟಿನ ಡಬ್ಬವನ್ನು ಶೆಲ್ಫಿನ ಮೇಲಿಟ್ಟರು. ಶೆಲ್ಫು ಕಿರ್ರೆಂದು ಒಂದು ಕಡೆಗೆ ವಾಲಿತು.

"ಲೋ, ಬಾರೋ ಇಲ್ಲಿ! ನೀನು ಕಟ್ಟಿದ ಅರಮನೆ ಬೀಳ್ತಾ ಇದೆ!"

ಗಂಡ ಅರ್ಧ ಗಡ್ಡ ಬೋಳಿಸಿಕೊಂಡು, ಅರ್ಧ ನೊರೆಯಲ್ಲೇ ಬಂದ. "ಅಮ್ಮಾ, ಮೊನ್ನೆ ತಾನೆ ಜೀವ ಬಿಟ್ಟು ಬಿಗಿ ಮಾಡಿದೀನಿ."

"ನೀನು ಬಿಗಿ ಮಾಡಿದ್ರಲ್ಲಿ ಇನ್ನೂ ನಿಂತಿರೋದು ನಿನ್ನ ಸಂಸಾರ ಒಂದೇ ಕಣೋ. ಅದೂ ಇವಳು ಆ ಕಡೆಯಿಂದ ಹಿಡ್ಕೊಂಡಿರೋದಕ್ಕೆ."

ಟಿಕ್ಕಕ್ಕ ನಗುತ್ತಲೇ ಬಗ್ಗಿ ನಟ್ಟನ್ನು ಮುಟ್ಟಿದಳು. ಅದು ಬೆರಳಲ್ಲೇ ತಿರುಗಿತು. ನಗು ನಿಂತಿತು.

"ರೀ, ಇದನ್ನ ಸ್ಪ್ಯಾನರ್‌ನಲ್ಲಿ ತಾನೆ ಬಿಗಿದಿದ್ದು?"

"ಮತ್ತೆ ಹಲ್ಲಲ್ಲಾ? ನೋಡು ಕೈಯಲ್ಲಿ ಬೊಬ್ಬೆ."

ಅವಳು ನಟ್ಟು ಬಿಚ್ಚಿದಳು. ಕೆಳಗಿನ ವಾಷರ್ ಬಣ್ಣದೊಳಗೆ ಹೂತುಕೊಂಡಿತ್ತು. ಒಲೆಯ ಶಾಖಕ್ಕೆ ಮೆತ್ತಗಾದ ಬಣ್ಣ ಅದರ ಸುತ್ತ ಉಂಗುರದಂತೆ ಉಬ್ಬಿ ಹೊರಬಂದಿತ್ತು. ನಟ್ಟು ತಿರುಗಿ ಸಡಿಲವಾದದ್ದಲ್ಲ. ಅದು ಇದ್ದಲ್ಲೇ ಇತ್ತು. ಅದರ ಕಾಲಡಿಯ ನೆಲ ಕುಸಿದಿತ್ತು. ಎಳೆದ ರಬ್ಬರ್ ಬ್ಯಾಂಡಿನ ಒಂದು ತುದಿಯನ್ನು ಯಾರೋ ಮೆಲ್ಲಗೆ ಒಳಗೆ ಬಿಟ್ಟಹಾಗೆ.

ಬಿಗಿದಾಗ ಬಿಗಿ ಇತ್ತು. ಹಿಡಿತ ಇರಲಿಲ್ಲ.

ಮುದಿ ಮೇಸ್ತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮಿದಂತಾಯಿತು.

"ಎಂಜಿನ್ನಿಗೂ ಇದೇ ಬಣ್ಣನಾ?"

"ಅದೇ ಡಬ್ಬ ಕಣೇ. ಇಲ್ಲಿ ಒಂದೇ ಕೋಟು. ಅಲ್ಲಿ ಮೂರು!" ಅವನ ದನಿಯಲ್ಲಿ ಹೆಮ್ಮೆ.

"ಸಿಲಿಂಡರ್ ಬುಡಕ್ಕೂ? ನಟ್ಟು ಕೂರೋ ಜಾಗಕ್ಕೂ?"

"ಬುಡಕ್ಕೆ ಇನ್ನೂ ದಪ್ಪ. ತುಕ್ಕು ಹಿಡಿಯೋದೇ ಅಲ್ಲಿ ಅಲ್ವಾ? ಹಿಂದಿನವನ ಥರ ಮೈಗಳ್ಳ ಅಂದ್ಕೊಂಡ್ಯಾ ನನ್ನ?"

ಹಿಂದಿನವನ ಬ್ರಷ್ಷು ಬುಡದವರೆಗೆ ಎಂದೂ ಇಳಿದಿರಲಿಲ್ಲ. ಇಷ್ಟು ವರ್ಷ ಆ ಎಂಜಿನ್ನುಗಳನ್ನು ಕಾಪಾಡಿದ್ದು ಅವಳ ಕೈಯಷ್ಟೇ ಅಲ್ಲ, ಒಬ್ಬ ಸೋಮಾರಿಯ ಬೀಡಿಯೂ ಹೌದು. ನಟ್ಟು ಕೂರುವ ಜಾಗದಲ್ಲಿ ಬಣ್ಣ ಇರಕೂಡದು ಎಂದು ಕೈಪಿಡಿಯಲ್ಲಿದೆ, ಅವಳು ಓದಿದ್ದಳು. ಆದರೆ ಎಂದೂ ಬಾರದ ಕಳ್ಳನಿಗೆ ಯಾರು ಬಾಗಿಲು ಹಾಕುತ್ತಾರೆ? ಪ್ರೀತಿಯಿಂದ, ಶ್ರದ್ಧೆಯಿಂದ ಕೆಲಸ ಮಾಡುವವನು ಬಂದ ದಿನವೇ ಅಪಾಯವೂ ಬಂತು. ಹೊಳಪಿನ ಮೇಲೆ ಅವಳು ಕಣ್ಣುಮುಚ್ಚಿ ಟಿಕ್ ಅನ್ನಿಸಿದ್ದಳು.

ಯಜಮಾನರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಶಾಲೆಯಲ್ಲಿ ಹಾರುವುದನ್ನು ಕಲಿಸುವವರನ್ನು ಎಲ್ಲರೂ ಕರೆಯುವುದು ಹಾರೋ ಮೇಷ್ಟ್ರು ಎಂದು. ಅವರ ಫೋನ್ ಆಫ್ ಆಗಿತ್ತು. ವಿಮಾನದ ಹತ್ತಿರ ಹೋದರೆ ಅವರು ಅದನ್ನು ಆಫ್ ಮಾಡಿಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅಂದರೆ ಅವರು ಆಗಲೇ ಅಲ್ಲಿದ್ದಾರೆ.

"ಸ್ಕೂಟರ್ ತೆಗೀರಿ."

"ಮುಖ ತೊಳ್ಕೊಳ್ಳಾ ಬೇಡ್ವಾ?"

"ನಿಮ್ ಮುಖ ನೋಡೋಕೆ ಯಾರೂ ಕಾಯ್ತಿಲ್ಲ, ತೆಗೀರಿ!"

ಒಂದು ಕೆನ್ನೆಯ ಮೇಲೆ ಒಣಗುತ್ತಿದ್ದ ನೊರೆಯೊಡನೆ ಅವನು ಗಾಡಿ ಓಡಿಸಿದ. ಹಿಂದೆ ಕೂತ ಅವಳ ಮಡಿಲಲ್ಲಿ ರೆಂಚಿನ ಪೆಟ್ಟಿಗೆ. ವರ್ಕ್‌ಶಾಪಿನದಲ್ಲ, ಅವಳ ಸ್ವಂತದ್ದು. ಮೇಸ್ತ್ರಿ ಕೊಟ್ಟುಹೋದದ್ದು. ದಾರಿಯಲ್ಲಿ ಅವನ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದಳು. ಶಾಖಕ್ಕೆ ಬಣ್ಣ ಕೂರುತ್ತದೆ. ಬಣ್ಣ ಕೂತರೆ ಹಿಡಿತ ಹೋಗುತ್ತದೆ. ಹಿಡಿತ ಹೋದ ಬೋಲ್ಟು ಅಲುಗಾಡುತ್ತದೆ, ಮುರಿಯುತ್ತದೆ, ಸಿಲಿಂಡರ್ ಕಿತ್ತು ಬರುತ್ತದೆ, ಮೇಲೆ.

ಸ್ಕೂಟರ್ ನಿಧಾನವಾಯಿತು.

"ಹಾಗಾದ್ರೆ ನನ್ ಬಣ್ಣ," ಅಂದ ಅವನು.

"ಹೂಂ."

"ಇದನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ. ಬಣ್ಣ ನಿಮ್ದು, ಕೈ ನಂದು ಅಂತಾನೂ ಹೇಳ್ತೀನಿ."

"ನನ್ನ ಕೆಲಸ ಹೋಗುತ್ತೆ ಕಣೇ."

"ನನ್ನ ಗಾದೆನೂ ಹೋಗುತ್ತೆ ರೀ."

ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಈಗಷ್ಟೇ ನೆಟ್ಟಗಾಗಿದ್ದ ಬೆನ್ನು ಅದು. ಅದನ್ನು ಮತ್ತೆ ಬಗ್ಗಿಸುವವಳು ತಾನೇ ಆಗಬೇಕೇ? ಒಂದು ಕ್ಷಣ, ಒಂದೇ ಕ್ಷಣ, ಅವಳಿಗೂ ಲೋಕಕ್ಕೆಲ್ಲ ಬರುವ ಆ ಹೊಲಸು ಯೋಚನೆ ಬಂತು: ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ, ನಡೆದುಹೋಗುತ್ತೆ ಬಿಡು. ಎಷ್ಟು ಸೇತುವೆ, ಎಷ್ಟು ಮಾಳಿಗೆ, ಎಷ್ಟು ಜೀವ ಈ 'ನಡೆದುಹೋಗುತ್ತೆ ಬಿಡು' ಎಂಬ ಮಾತಿನ ಮೇಲೆ ನಿಂತು ಕುಸಿದಿವೆಯೋ. ಅದನ್ನು ಹೇಳುವವನು ಯಾವತ್ತೂ ಆ ಸೇತುವೆಯ ಕೆಳಗೆ ಮಲಗುವವನಲ್ಲ.

"ಗಟ್ಟಿಯಾಗಿ ಹಿಡ್ಕೋ," ಎಂದ ಗಂಡ. ಸ್ಕೂಟರ್ ಕಿರುಚಿಕೊಂಡು ಮುಂದೆ ನೆಗೆಯಿತು.

ಮೈದಾನದಲ್ಲಿ ವಿಮಾನ ಹುಲ್ಲಿನ ಅಂಚಿಗೆ ಬಂದು ನಿಂತಿತ್ತು. ಒಳಗೆ ಹಾರೋ ಮೇಷ್ಟ್ರು, ಪಕ್ಕದಲ್ಲಿ ಬೆಲ್ಟು ಬಿಗಿದುಕೊಂಡು ಕೂತ ಅವರ ಶಿಷ್ಯೆ. ಹೊರಗೆ ಯಜಮಾನರು, ತಮ್ಮ ಹೊಳೆಯುವ ಎಂಜಿನ್ನನ್ನು ತೋರಿಸಲು ಕರೆತಂದ ಇಬ್ಬರು ಹೊಸ ಗಿರಾಕಿಗಳೊಡನೆ. ಪ್ರೊಪೆಲ್ಲರ್ ಇನ್ನೂ ತಿರುಗಿರಲಿಲ್ಲ. ಅವಳು ಓಡಿಹೋಗಿ ಬಾಗಿಲು ಬಡಿದಳು.

"ಏನ್ ಟಿಕ್ಕಕ್ಕ, ನೀವೂ ಬರ್ತೀರಾ?" ಮೇಷ್ಟ್ರು ನಕ್ಕರು.

"ಬರ್ತೀನಿ, ಇವತ್ತಲ್ಲ. ಕೀಲಿ ನನ್ ಕೈಗೆ ಕೊಡಿ."

ಮೇಷ್ಟ್ರು ಯಾಕೆ ಎನ್ನಲಿಲ್ಲ. ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟು, ಶಿಷ್ಯೆಗೆ ಇಳಿಯುವಂತೆ ಸನ್ನೆ ಮಾಡಿದರು. ಟಿಕ್ಕಕ್ಕನ ಇಡೀ ಬದುಕಿನ ಸಂಪಾದನೆ ಏನು ಎಂದು ಯಾರಾದರೂ ಕೇಳಿದರೆ, ಯಾಕೆಂದು ಕೇಳದೆ ಕೊಟ್ಟ ಆ ಕೀಲಿಯನ್ನು ತೋರಿಸಬಹುದು.

ಯಜಮಾನರು ಓಡಿಬಂದರು. "ಏನಮ್ಮ ಇದು? ಗಿರಾಕಿಗಳು ನೋಡ್ತಿದಾರೆ!"

"ಅವರೂ ಬಂದು ನೋಡ್ಲಿ." ಅವಳು ಮುಚ್ಚಳ ತೆಗೆಸಿ, ರೆಂಚನ್ನು ಅಳತೆಗೆ ಹೊಂದಿಸಿದಳು. "ಹಿಡಿತ ಇದ್ರೆ, ನಟ್ಟು ಅಲುಗಾಡದೆ ಟಿಕ್ ಅನ್ನುತ್ತೆ. ಇಲ್ಲದಿದ್ರೆ ಮೊದಲು ತಿರುಗುತ್ತೆ, ಆಮೇಲೆ ಟಿಕ್."

ಕೈಗೆ ಸಿಗುವ ಮೊದಲ ನಟ್ಟಿಗೆ ಹಾಕಿ ಎಳೆದಳು. ಟಿಕ್. ಅಲುಗಲಿಲ್ಲ.

"ನೋಡಿದ್ಯಾ?" ಎಂದರು ಯಜಮಾನರು.

ಎರಡನೆಯದು. ಟಿಕ್.

"ಸುಮ್ನೆ ಭಯ ಹುಟ್ಟಿಸ್ಬೇಡಮ್ಮ..."

ಅವಳ ಅರ್ಧ ಮನಸ್ಸು ಮೂರನೆಯದೂ ಟಿಕ್ ಎನ್ನಲಿ ಎಂದು ಹಂಬಲಿಸಿತು. ಎಲ್ಲರ ಮುಂದೆ ಹುಚ್ಚಿ ಎನ್ನಿಸಿಕೊಂಡರೂ ಸರಿ, ಗಾದೆ ಉಳಿಯುತ್ತದೆ, ಗಂಡನ ಬೆನ್ನು ಉಳಿಯುತ್ತದೆ. ಮೂರನೆಯ ನಟ್ಟಿಗೆ ಹಾಕಿ ಎಳೆದಳು.

ಟಿಕ್ ಬರಲಿಲ್ಲ. ಹಿಡಿ ಅವಳ ಕಡೆಗೆ ಸಲೀಸಾಗಿ ಬಂತು, ಇನ್ನೂ ಬಂತು. ಅಂಚಿನ ಬಣ್ಣ ಸಿಪ್ಪೆಯಂತೆ ಎದ್ದು ಅವಳ ಬೆರಳ ಮೇಲೆ ಬಿತ್ತು. ಆಮೇಲೆಲ್ಲೋ, ಟಿಕ್.

ಮೇಷ್ಟ್ರು ತಮ್ಮ ಶಿಷ್ಯೆಯ ಮುಖ ನೋಡಿದರು. ಆ ಹುಡುಗಿ ವಿಮಾನದಿಂದ ಎರಡು ಹೆಜ್ಜೆ ಹಿಂದೆ ಸರಿದಳು.

ಯಜಮಾನರು ಟಿಕ್ಕಕ್ಕನನ್ನು ರೆಕ್ಕೆಯ ಕೆಳಗೆ ಎಳೆದೊಯ್ದು ದನಿ ತಗ್ಗಿಸಿದರು. "ಆಯ್ತು, ಈಗ ಬಿಗಿ ಆಯ್ತಲ್ಲ. ಉಳಿದದ್ದನ್ನೂ ಇಲ್ಲೇ ಒಂದೊಂದು ತಿರುವು ತಿರುವಿ ಕಳ್ಸು. ಯಾರಿಗೂ ಗೊತ್ತಾಗಲ್ಲ."

"ಬಣ್ಣ ಇರೋವರೆಗೂ ಮತ್ತೆ ಕೂರುತ್ತೆ ಯಜಮಾನ್ರೇ. ಎಂಜಿನ್ ಇಳಿಸ್ಬೇಕು, ಬುಡ ಕೆರೀಬೇಕು, ಬೋಲ್ಟೂ ಹೊಸದು ಹಾಕ್ಬೇಕು."

"ಇಳಿಸಿದ್ರೆ ಯಾರ ತಪ್ಪು ಅಂತ ಕೇಳ್ತಾರೆ. ಆಗ ನಿನ್ ಗಂಡನ್ನ ಮನೆಗೆ ಕಳಿಸ್ಬೇಕಾಗುತ್ತೆ, ಯೋಚ್ನೆ ಮಾಡು."

ತಪ್ಪು ಎಂಬುದು ನೀರಿನಂತೆ, ಯಾವಾಗಲೂ ಕೆಳಗೇ ಹರಿಯುತ್ತದೆ. ಮೇಲಿದ್ದವನು ಕಾಲು ಎತ್ತಿಕೊಂಡರೆ ಸಾಕು. ಆದರೆ ಅಂದು ಆ ನೀರಿಗೆ ಅಡ್ಡ ನಿಂತವಳು ಟಿಕ್ಕಕ್ಕ, ದನಿ ತಗ್ಗಿಸಿ ಅಭ್ಯಾಸವಿಲ್ಲದವಳು. ಗಿರಾಕಿಗಳಿಗೂ ಕೇಳುವಂತೆ ಹೇಳಿದಳು:

"ಕಣ್ಣಿಗೆ ಹೊಡೀಬೇಕು ಅಂದಿದ್ದು ನೀವು. ಬಳಿದಿದ್ದು ಇವರು. ಬಣ್ಣದ ಮೇಲೆ ಕಣ್ಮುಚ್ಚಿ ಬಿಗಿದಿದ್ದು ನಾನು. ಮೂರು ಪಾಲು. ಒಬ್ರು ಮನೆಗೆ ಹೋಗೋದಾದ್ರೆ ಮೂವರೂ ಒಟ್ಟಿಗೆ ಹೋಗೋಣ ಬನ್ನಿ. ಸ್ಕೂಟರ್ ಇದೆ, ಮೂರು ಜನ ಹಿಡಿಸುತ್ತೆ."

ಮೇಷ್ಟ್ರು ಬೇರೆ ಕಡೆ ತಿರುಗಿ ನಗು ನುಂಗಿಕೊಂಡರು. ಗಂಡ ಮುಂದೆ ಬಂದ, ಅರ್ಧ ಗಡ್ಡ, ಅರ್ಧ ಒಣಗಿದ ನೊರೆ. "ಯಜಮಾನ್ರೇ, ಬಳಿದ ಕೈಯೇ ಕೆರೆಯುತ್ತೆ. ಆಮೇಲೆ ಬೇಕಾದ್ರೆ ಕಳ್ಸಿ."

ಯಜಮಾನರು ಅವನ ಮುಖ ನೋಡಿದರು, ಗಿರಾಕಿಗಳ ಮುಖ ನೋಡಿದರು. ಅವರೂ ಒಂದು ಕಾಲದಲ್ಲಿ ಫಿಟ್ಟರ್ ಆಗಿದ್ದವರೇ. ಹೊಟ್ಟೆ ಬಂದ ಮೇಲೆ ಕೈ ಮರೆತಿತ್ತು. ಕೊನೆಗೆ, "ಕೀಲಿ?" ಎಂದು ಕೈ ಚಾಚಿದರು.

"ಅದು ಟಿಕ್ಕಕ್ಕನ ಹತ್ರಾನೇ ಇರ್ಲಿ," ಎಂದರು ಮೇಷ್ಟ್ರು.

ಚಾಚಿದ ಕೈಯನ್ನು ಯಜಮಾನರು ತಲೆ ಕೆರೆದುಕೊಳ್ಳಲು ಬಳಸಿಕೊಂಡರು. "ಇಳಿಸಿ ಎಂಜಿನ್ನು. ನಿಂತು ಏನ್ ನೋಡ್ತೀರಾ?"

ಇಬ್ಬರು ಗಿರಾಕಿಗಳಲ್ಲಿ ಒಬ್ಬರು ಅಲ್ಲಿಂದಲೇ ಹೊರಟುಹೋದರು, ಮತ್ತೆಂದೂ ಬರಲಿಲ್ಲ. ಇನ್ನೊಬ್ಬ ಗಿರಾಕಿ ಮಾತ್ರ ಅಲ್ಲೇ ನಿಂತರು.

ವರ್ಕ್‌ಶಾಪಿನಲ್ಲಿ ಸಿಲಿಂಡರುಗಳು ಮತ್ತೆ ಬೆಂಚಿಗೆ ಬಂದವು. ಗಂಡ ತನ್ನದೇ ನೀಲಿಯನ್ನು ನಟ್ಟು ಕೂರುವ ಒಂದೊಂದು ಜಾಗದಿಂದಲೂ ಹೊಳೆಯುವ ಲೋಹ ಕಾಣುವತನಕ ತೆಗೆದ. ತೆಗೆಯುವಾಗ ಅವನ ತುಟಿ ಬಿಗಿದಿತ್ತು. ಚೆನ್ನಾಗಿ ಬರೆದ ಅಕ್ಷರವನ್ನು ಬರೆದವನೇ ಅಳಿಸುವ ಸಂಕಟ ಬರೆದವನಿಗೇ ಗೊತ್ತು. ಆದರೆ ಕೆಲಸ ಮುಗಿದ ಮೇಲೆ ಅವನು ಹೊರಗೆ ಹೋಗಿ ಕೂರಲಿಲ್ಲ. ದಪ್ಪ ಕಾಗದ ತಂದು, ವಾಷರಿನ ಅಳತೆಗೆ ದುಂಡನೆಯ ಬಿಲ್ಲೆಗಳನ್ನು ಕತ್ತರಿಸತೊಡಗಿದ. ಬೋರ್ಡು ಬರೆಯುವವನ ಕೈ, ಕೈವಾರವಿಲ್ಲದೆ ಪೂರ್ಣಚಂದ್ರ.

"ಏನ್ರೀ ಇದು?"

"ಬಣ್ಣ ಹೊಡೆಯೋ ಮೊದಲು ಇದನ್ನ ಅಂಟಿಸ್ತೀನಿ. ನಿನ್ ನಟ್ಟಿನ ಜಾಗ ಬರಿಮೈ ಇರ್ಲಿ, ಉಳಿದದ್ದೆಲ್ಲಾ ಕಣ್ಣಿಗೆ ಹೊಡೀಲಿ." ಯಜಮಾನರ ದನಿಯನ್ನೇ ಅನುಕರಿಸಿ ಹೇಳಿದ. ಯಜಮಾನರು ಹಿಂದೆಯೇ ನಿಂತಿದ್ದದ್ದು ಆಮೇಲೆ ಗೊತ್ತಾಯಿತು. ಅವರು ಒಂದು ಬಿಲ್ಲೆಯನ್ನು ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಅಲ್ಲೇ ಇಟ್ಟರು. ಅವನನ್ನು ಮನೆಗೆ ಕಳಿಸುವ ಮಾತು ಮತ್ತೆ ಎದ್ದಿಲ್ಲ.

ಮತ್ತೆ ಜೋಡಿಸುವಾಗ ಇನ್ನೊಂದು ತಮಾಷೆ ನಡೆಯಿತು. ಎಂಜಿನ್ನಿನ ಹೊಟ್ಟೆಯನ್ನು ಹಾದು ಈ ಬದಿಯಿಂದ ಆ ಬದಿಗೆ ಹೋಗುವ ಉದ್ದನೆಯ ಬೋಲ್ಟುಗಳಿವೆ. ಅವುಗಳನ್ನು ಎರಡೂ ಕಡೆಯಿಂದ ಇಬ್ಬರು ಒಟ್ಟಿಗೆ ಬಿಗಿಯಬೇಕು. ಜೊತೆಗಾರ ಫಿಟ್ಟರ್ ರಜೆಯಲ್ಲಿದ್ದ. ಯಜಮಾನರು ಅಂಗಿಯ ತೋಳು ಮಡಚಿದರು. "ಕೊಡು ಇಲ್ಲಿ. ನಾನೂ ಹಿಡಿದವನೇ."

ಇಬ್ಬರೂ ಎಂಜಿನ್ನಿನ ಆಚೆ ಈಚೆ ನಿಂತು ಎಳೆದರು. ಈಚೆ ಟಿಕ್. ಆಚೆ ಟಿಕ್. ಯಜಮಾನರ ತೋಳಿಗೆ ಹಳೆಯ ಹುರುಪು ಬಂದು, ಇನ್ನೊಂದು ಎಳೆದರು.

"ಯಜಮಾನ್ರೇ! ಸಾಕು ಅಂತಲ್ವಾ ಅದು ಹೇಳಿದ್ದು!"

"ಇರ್ಲಿ ಅಂತ..."

"ಇರ್ಲಿ ಅಂತ ಎಳೆದವರದ್ದೇ ಮುರಿದಿರೋದು. ಆ ಬೋಲ್ಟ್ ತೆಗೀರಿ, ಬೇರೆ ಹಾಕಿ, ಮತ್ತೆ ಮೊದಲಿಂದ."

ಯಜಮಾನರು ಅದನ್ನು ಬಿಚ್ಚಿದರು. ಹೊಸದು ಹಾಕಿ ಮತ್ತೆ ಮೊದಲಿಂದ ಬಿಗಿದರು. ಈ ಸಲ ಟಿಕ್ ಎಂದ ಕೂಡಲೇ ಬೆಂಕಿ ಮುಟ್ಟಿದವರಂತೆ ಕೈ ತೆಗೆದದ್ದನ್ನು ನೋಡಿ ಇಡೀ ವರ್ಕ್‌ಶಾಪು ನಕ್ಕಿತು. ಕೊನೆಗೆ ಅವರೂ ನಕ್ಕರು.

ಎಂಜಿನ್ ಸ್ಟ್ಯಾಂಡಿನ ಮೇಲೆ ಓಡಿ, ಕಾದು, ತಣ್ಣಗಾಯಿತು. ಅವಳು ಪ್ರತಿ ನಟ್ಟಿಗೂ ರೆಂಚ್ ಹಾಕಿ ಕೇಳಿದಳು. ಒಂದೂ ಅಲುಗಲಿಲ್ಲ. ಈಗ ಅವಳು ಕೇಳುತ್ತಿದ್ದ ಪ್ರಶ್ನೆ ಬೇರೆ, ರೆಂಚ್ ಕೊಡುತ್ತಿದ್ದ ಉತ್ತರವೂ ಬೇರೆ.

ವಿಮಾನ ಏರಿದ ದಿನ ಅವಳು ಕೀಲಿಯನ್ನು ಮೇಷ್ಟ್ರಿಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ತಾನೇ ಹತ್ತಿ ಕೂತಳು. ಇಷ್ಟು ವರ್ಷ ಎಂಜಿನ್ ಕಟ್ಟಿದವಳು ಅದೇ ಮೊದಲು ನೆಲ ಬಿಟ್ಟದ್ದು. ಶಿಷ್ಯೆ ಕಿಟಕಿಯಾಚೆ ತೋರಿಸಿ ಹೊಳೆ, ಮನೆಗಳು, ರಸ್ತೆ ಎಂದಳು. ಟಿಕ್ಕಕ್ಕ ಕಣ್ಣು ಮುಚ್ಚಿ ಕೂತಿದ್ದಳು.

"ಭಯಾನಾ ಅಕ್ಕ?"

"ಅಲ್ಲ ಕಣಮ್ಮ. ಕೇಳಿಸ್ಕೊಳ್ತಿದೀನಿ."

ಕೆಳಗೆ ಹುಲ್ಲಿನ ಮೇಲೆ ಒಬ್ಬ ಮನುಷ್ಯ ಸ್ಕೂಟರಿನ ಪಕ್ಕ ನೆಟ್ಟಗೆ ನಿಂತು ಎರಡೂ ಕೈ ಬೀಸುತ್ತಿದ್ದ. ಆಗ ಮಾತ್ರ ಅವಳು ಕಣ್ಣು ತೆರೆದಳು.

ಅಂದು ಮೈದಾನದಲ್ಲಿ ನಿಂತೇ ಉಳಿದ ಗಿರಾಕಿ ಆಮೇಲೆ ತಮ್ಮ ಎಂಜಿನ್ ತಂದು ಇಳಿಸಿದರು. ಯಜಮಾನರು ರೂಢಿಯಂತೆ ಚಹಾ ಕೊಟ್ಟು, ರೂಢಿಯಂತೆ ಗಾದೆ ಶುರುಮಾಡಿದರು. "ನಮ್ ಟಿಕ್ಕಕ್ಕನ ಕೈಯಿಂದ ಹೋದ ಎಂಜಿನ್..." ಎಂದವರು, ನಡುವೆಯೇ ನೆನಪಾಗಿ ಕೆಮ್ಮಿದರು.

ಬೆಂಚಿನ ಹತ್ತಿರದಿಂದ ಅವಳು ತಲೆ ಎತ್ತಿದಳು. ಕೈ ಒರೆಸಿಕೊಂಡಳು. ತರಕಾರಿ ಅಂಗಡಿಯಲ್ಲಿ ಹೇಳುವಾಗಿನದಕ್ಕಿಂತ ಒಂದು ಸ್ಥಾಯಿ ಏರಿಸಿಯೇ ಹೇಳಿದಳು:

"ಒಂದು ಬಂದಿದೆ ಸ್ವಾಮಿ. ನಾನೇ ವಾಪಸ್ ಕರೆಸಿದ್ದು."

ಗಿರಾಕಿ ತಲೆದೂಗಿದರು. "ಗೊತ್ತು. ಅದಕ್ಕೇ ತಂದಿದ್ದು."

ಮೂಲೆಯಲ್ಲಿ ಬಿಲ್ಲೆ ಅಂಟಿಸುತ್ತಿದ್ದ ಗಂಡ ಬ್ರಷ್ಷು ಎತ್ತಿಹಿಡಿದ. "ಬಣ್ಣ ಯಾವ್ದು ಬೇಕು ಅಂತ ಕೇಳೇ!"